ಎಲೆಗೆ ರೋಗ, ಮೇಷ್ಟ್ರಿಗೆ ಡಾಕ್ಟರೇಟ್

ಜಗಳೂರು ಸೀಮೆಯಲ್ಲಿ ಮಳೆ ಕೈಕೊಡಬಹುದು, ಕೊಳವೆಬಾವಿ ಕೈಕೊಡಬಹುದು, ಸಾಲ ಮನ್ನಾದ ಭರವಸೆಯಂತೂ ಕೈಕೊಡಲೆಂದೇ ಹುಟ್ಟಿದ್ದು. ಎಂದೂ ಕೈಕೊಡದ ಬೆಳೆ ಒಂದೇ ಒಂದು: ಎಲೆ ರೋಗದ ಮೇಲಿನ ಕಂಪ್ಯೂಟರ್ ಸೈನ್ಸ್ ಪಿಎಚ್‌.ಡಿ. ಅದಕ್ಕೆ ಮುಂಗಾರೂ ಬೇಡ, ಹಿಂಗಾರೂ ಬೇಡ, ಯೂರಿಯಾಕ್ಕಾಗಿ ಸೊಸೈಟಿ ಮುಂದೆ ಚಪ್ಪಲಿ ಸಾಲಿಡುವ ಕಷ್ಟವೂ ಇಲ್ಲ. ಒಂದು ಲ್ಯಾಪ್‌ಟಾಪು, ಒಂದು ವೈಫೈ, ಒಬ್ಬ ಗೈಡು ಇದ್ದರೆ ಆರು ವರ್ಷದೊಳಗೆ ಫಸಲು ಕೈಗೆ. ಹೊಲದಲ್ಲಿ ಮೆಕ್ಕೆಜೋಳ ಒಣಗಿದಷ್ಟೂ ಪ್ರಬಂಧ ಸೊಂಪಾಗಿ ಬರುತ್ತದೆ.

ಈ ಪ್ರಬಂಧಗಳನ್ನು ಪೂರ್ತಿ ಓದಿದವರನ್ನು ಕೇಳಿ ನೋಡಿ, ಅಂದರೆ ಡಿಟಿಪಿ ಮಾಡಿದವರನ್ನು. ಮೊದಲ ವಾಕ್ಯ: 'ಭಾರತ ಕೃಷಿಪ್ರಧಾನ ದೇಶ, ರೈತ ದೇಶದ ಬೆನ್ನೆಲುಬು.' ಕೊನೆಯ ವಾಕ್ಯ: 'ಮುಂದಿನ ದಿನಗಳಲ್ಲಿ ರೈತರ ಅನುಕೂಲಕ್ಕಾಗಿ ಮೊಬೈಲ್ ಆ್ಯಪ್ ರೂಪಿಸಬಹುದು.' ಬೆನ್ನೆಲುಬಿಗೂ ಆ್ಯಪಿಗೂ ನಡುವೆ ನೂರೈವತ್ತು ಪುಟ. ಅಷ್ಟೂ ಪುಟಗಳಲ್ಲಿ ರೈತನ ಸುಳಿವಿಲ್ಲ. ಆಮೇಲೆ ಪ್ರಬಂಧವನ್ನು ನಿಯಮದಂತೆ ಶೋಧಗಂಗಾ ಭಂಡಾರಕ್ಕೆ ಸೇರಿಸುತ್ತಾರೆ. ಗಂಗೆಗೆ ಬಿಟ್ಟದ್ದನ್ನು ಮತ್ತೆ ಮೇಲೆತ್ತಿ ನೋಡುವ ಸಂಪ್ರದಾಯ ನಮ್ಮಲ್ಲಿಲ್ಲ.

ಎಲೆ ಬೇಡವೆಂದರೆ ಇನ್ನೊಂದು ಸಿದ್ಧ ವಿಷಯವಿದೆ: ಕನ್ನಡ ಕೈಬರಹದ ಗುರುತಿಸುವಿಕೆ. ಅದರಲ್ಲೂ ಕನ್ನಡ ಅಂಕಿಗಳೆಂದರೆ ನಮ್ಮ ವಿಭಾಗಗಳಿಗೆ ವಿಶೇಷ ಪ್ರೀತಿ. 2019ರಲ್ಲಿ ಕನ್ನಡ ಅಂಕಿಗಳ ಎಪ್ಪತ್ತು ಸಾವಿರ ಚಿತ್ರಗಳ 'ಕನ್ನಡ ಎಂನಿಸ್ಟ್' ಸಂಗ್ರಹ ಅಂತರ್ಜಾಲಕ್ಕೆ ಬಂದ ಮೇಲೆ ಈ ಪ್ರೀತಿ ಇಮ್ಮಡಿಯಾಯಿತು. ಕನ್ನಡ ಅಂಕಿ ಬರೆಯುವವರು ನಾಡಿನಲ್ಲಿ ಎಷ್ಟು ಮಂದಿ ಉಳಿದಿದ್ದಾರೋ, ಅದನ್ನು ಗುರುತಿಸಿ ಡಾಕ್ಟರಾದವರು ಅವರಿಗಿಂತ ಹೆಚ್ಚಿರಬೇಕು. ಸಂಶೋಧಕರ ಮಗಳು ಗೂಗಲ್ ಲೆನ್ಸ್ ಹಿಡಿದು ಪಠ್ಯಪುಸ್ತಕದ ಕನ್ನಡವನ್ನು ಕ್ಷಣದಲ್ಲಿ ಓದಿಸುತ್ತಾಳೆ. ಅಪ್ಪ ಪಕ್ಕದ ಕೋಣೆಯಲ್ಲಿ ಐದನೇ ವರ್ಷವೂ '೩' ಮತ್ತು '೭'ರ ನಡುವಿನ ವ್ಯತ್ಯಾಸ ಶೋಧಿಸುತ್ತಿರುತ್ತಾರೆ.

ಆದರೂ ನಗುವ ಮೊದಲು ನಮ್ಮ ಕಥಾನಾಯಕನ ಜೇಬು ನೋಡಬೇಕು. ಆತ ಸರ್ಕಾರಿ ಪದವಿ ಕಾಲೇಜೊಂದರ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ ತಿಥಿ ನೋಡದೆ ಬರುವವನು. ಇವನು ಮಾತ್ರ ತಿಥಿ ನೋಡಿಯೇ ಬರುತ್ತಾನೆ, ತಿಥಿ ಮುಗಿದ ಕೂಡಲೇ ಮನೆಗೆ ಹೋಗುತ್ತಾನೆ, ಮುಂದಿನ ವರ್ಷದ ಪಟ್ಟಿಯಲ್ಲಿ ಹೆಸರು ಬರಲೆಂದು ಹರಕೆ ಹೊರುತ್ತಾನೆ. 2022ರ ಜನವರಿಯಲ್ಲಿ ರಾಜ್ಯ ಸರ್ಕಾರ ಗೌರವಧನ ಪರಿಷ್ಕರಿಸಿದಾಗ ಐದು ವರ್ಷ ದಾಟಿದವರಿಗೆ ಎರಡು ದರ ಗೊತ್ತುಮಾಡಿತು: ಪಿಎಚ್‌.ಡಿ.ಯಂಥ ಯುಜಿಸಿ ಅರ್ಹತೆ ಇದ್ದರೆ ತಿಂಗಳಿಗೆ 32,000 ರೂಪಾಯಿ, ಇಲ್ಲದಿದ್ದರೆ 28,000. ಜೊತೆಗೆ ವಾರದ ಪಾಠದ ಅವಧಿಯನ್ನು 15 ಗಂಟೆಗೆ ಏರಿಸಿತು. ಆಮೇಲೆ ಮೊತ್ತ ಸ್ವಲ್ಪ ಮೇಲೆ ಹೋಗಿದೆ. ಅಂದರೆ ಮಾನವ ಜ್ಞಾನದ ಗಡಿಯನ್ನು ಹಿಗ್ಗಿಸಿದ್ದಕ್ಕೆ ಜಗಳೂರು ಬಸ್ ಸ್ಟ್ಯಾಂಡಿನಲ್ಲಿ ಆಗ ಸಿಗುತ್ತಿದ್ದ ಬೆಲೆ ತಿಂಗಳಿಗೆ 4,000 ರೂಪಾಯಿ. ಈ ಲೆಕ್ಕ ಬಲ್ಲವನಿಗೆ 'ಸಂಶೋಧನೆಯ ಉದ್ದೇಶವೇನು' ಎಂಬ ಪ್ರಶ್ನೆ ಕಷ್ಟದ್ದೇನಲ್ಲ.

ಇದರ ಮೇಲೆ ಯುಜಿಸಿಯ ಆಟ. ವಿಶ್ವವಿದ್ಯಾಲಯಗಳಲ್ಲಿ ಸಹಾಯಕ ಪ್ರಾಧ್ಯಾಪಕರಾಗಬೇಕಾದರೆ 2021ರ ಜುಲೈನಿಂದ ಪಿಎಚ್‌.ಡಿ. ಕಡ್ಡಾಯ ಎಂದು 2018ರಲ್ಲಿ ನಿಯಮ ಮಾಡಿತು. ಕೋವಿಡ್ ಬಂತು, ಗಡುವನ್ನು 2023ರ ಜುಲೈಗೆ ತಳ್ಳಿತು. 2023ರ ಜುಲೈ ಬಂದಾಗ 'ಕಡ್ಡಾಯವೇನಲ್ಲ, ನೆಟ್ ಅಥವಾ ಸೆಟ್ ಆಗಿದ್ದರೂ ನಡೆಯುತ್ತದೆ' ಎಂದು ಕೈತೊಳೆದುಕೊಂಡಿತು. ಅಷ್ಟರಲ್ಲಿ ಹೆಂಡತಿಯ ಸರ ಬ್ಯಾಂಕಿಗೆ ಹೋಗಿತ್ತು, ಶುಲ್ಕ ವಿಶ್ವವಿದ್ಯಾಲಯಕ್ಕೆ ಹೋಗಿತ್ತು, ಮೇಷ್ಟ್ರು ದಾವಣಗೆರೆ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತಾಗಿತ್ತು. ಜೆಆರ್‌ಎಫ್ ಸಂಶೋಧನಾ ವೇತನ ಸಿಕ್ಕವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಬರುತ್ತದೆ ನಿಜ. ಆದರೆ ಅದು ಪಾಸಾದ ಬೆರಳೆಣಿಕೆಯವರಿಗೆ. ಉಳಿದವರು ಅರೆಕಾಲಿಕ ಸಂಶೋಧಕರು: ಬೆಳಿಗ್ಗೆ ಬಿಸಿಎ ಹುಡುಗರಿಗೆ ಸಿ ಭಾಷೆ, ಮಧ್ಯಾಹ್ನ ಖಾಸಗಿ ಟ್ಯೂಷನ್, ಭಾನುವಾರ ಜ್ಞಾನದ ಗಡಿ ವಿಸ್ತರಣೆ.

ಗಡಿ ವಿಸ್ತರಿಸಲು ಗೈಡ್ ಬೇಕು. ನಿಯಮದ ಪ್ರಕಾರ ಒಬ್ಬ ಪ್ರೊಫೆಸರ್ ಕೈಕೆಳಗೆ ಏಕಕಾಲಕ್ಕೆ ಎಂಟು, ಸಹ ಪ್ರಾಧ್ಯಾಪಕರ ಕೈಕೆಳಗೆ ಆರು, ಸಹಾಯಕ ಪ್ರಾಧ್ಯಾಪಕರ ಕೈಕೆಳಗೆ ನಾಲ್ಕು ಮಂದಿ. ಎಂಟು ಮಂದಿಯ ಜ್ಞಾನಕ್ಕೂ ಹೊಣೆಯಾದ ಪ್ರೊಫೆಸರು ಸಹಜವಾಗಿ ಜ್ಞಾನ ಬಿಟ್ಟು ಬೇರೆಲ್ಲ ಕೆಲಸಗಳಲ್ಲಿ ಮುಳುಗಿರುತ್ತಾರೆ. ಒಬ್ಬ ಶಿಷ್ಯ ನ್ಯಾಕ್ ಸಮಿತಿಗೆ ಫೈಲು ಜೋಡಿಸುತ್ತಾನೆ, ಒಬ್ಬ ಆಂತರಿಕ ಅಂಕ ಕೂಡುತ್ತಾನೆ, ಒಬ್ಬ ಸಾರ್ ಮಗನ ಎಂಜಿನಿಯರಿಂಗ್ ಪ್ರಾಜೆಕ್ಟ್ ಮುಗಿಸುತ್ತಾನೆ. ಮಿಕ್ಕವರು ಹೊರಗೆ ಬೆಂಚಿನ ಮೇಲೆ ಕೂತು 'ಸಾರ್ ಮೂಡ್ ಹೆಂಗೈತೆ?' ಎಂದು ಜವಾನನನ್ನು ವಿಚಾರಿಸುತ್ತಾರೆ. ಸಂಶೋಧನಾ ಪದ್ಧತಿಯ ಮೊದಲ ಪಾಠ ಇದೇ.

ನಮ್ಮ ಮೇಷ್ಟ್ರು ಒಳಗೆ ಹೋದ ದಿನ ಮೂಡ್ ಸುಮಾರಾಗಿತ್ತು.

"ಟಾಪಿಕ್ ಏನಪ್ಪಾ ನಿಂದು?"

"ಸಾರ್, ನಮ್ಮ ತಾಲ್ಲೂಕಿನ ಬೋರ್‌ವೆಲ್‌ಗಳ ಲೆಕ್ಕ. ಯಾವೂರಾಗೆ ಎಷ್ಟಡಿಗೆ ನೀರು ಬಿತ್ತು, ಎಷ್ಟು ವರ್ಷಕ್ಕೆ ಬತ್ತಿತು ಅಂತ ಮನೆ ಮನೆ ತಿರುಗಿ ಬರ್ಕಂಡು, ಅದ್ರಿಂದ ಮುಂದೆ ಎಲ್ಲಿ ಕೊರೆಸಬಾರದು ಅಂತ ಹೇಳೋ ಹಂಗೆ..."

"ಡೇಟಾಸೆಟ್ ಐತಾ?"

"ಇಲ್ಲ ಸಾರ್, ಒಟ್ಟು ಮಾಡ್ಬೇಕು."

ಪ್ರೊಫೆಸರು ಕನ್ನಡಕ ತೆಗೆದರು. ಕನಿಕರಕ್ಕೆ ಅದೇ ಮುನ್ಸೂಚನೆ.

"ಒಟ್ಟು ಮಾಡಕ್ಕೆ ಹೋದ್ರೆ ಆರು ವರ್ಷ ಅದಕ್ಕೇ ಆಗೋಗುತ್ತೆ. ಆಮೇಲೆ ಪೇಪರ್ ಯಾವಾಗ ಬರೀತೀಯಾ? ಎಕ್ಸ್‌ಟರ್ನಲ್ ಕೇಳ್ತಾರೆ: ಕಂಪೇರ್ ಮಾಡಕ್ಕೆ ಹಿಂದಿನ ವರ್ಕ್ ಎಲ್ಲಿ ಅಂತ. ಯಾರೂ ಮಾಡದೇ ಇರೋದನ್ನ ಮಾಡಿದ್ರೆ ಯಾರ ಜೊತೆ ಕಂಪೇರ್ ಮಾಡ್ತೀಯಾ? ಕ್ಯಾಗಲ್‌ನಾಗೆ ಎಲೆ ಐತೆ, ಐವತ್ತು ಸಾವಿರ ಐತೆ. ಅದನ್ನ ಇಳಿಸ್ಕೊ."

ಯಾರೂ ಮಾಡದ ಕೆಲಸಕ್ಕೆ ಡಾಕ್ಟರೇಟ್ ಸಿಗುವುದಿಲ್ಲ, ಎಲ್ಲರೂ ಮಾಡಿದ ಕೆಲಸಕ್ಕೆ ಸಿಗುತ್ತದೆ. ಮೇಷ್ಟ್ರು ಎಲೆ ಇಳಿಸಿಕೊಂಡರು.

ಕ್ಯಾಗಲ್ ಎಂಬ ದತ್ತಾಂಶ ಜಾಲತಾಣದ ಆ ಎಲೆಗಳ ಕಥೆ ಕೇಳಿ. 'ಪ್ಲಾಂಟ್‌ವಿಲೇಜ್' ಎಂಬ ಈ ಸಂಗ್ರಹದಲ್ಲಿ 54,306 ಚಿತ್ರಗಳಿವೆ. 14 ಬೆಳೆ, 26 ರೋಗ, ಒಟ್ಟು 38 ಗುಂಪು. ಅಮೆರಿಕದ ಕೃಷಿ ಸಂಶೋಧನಾ ಕೇಂದ್ರಗಳಲ್ಲಿ ಗಿಡದಿಂದ ಎಲೆ ಕಿತ್ತು, ಬೂದು ಅಥವಾ ಕಪ್ಪು ಹಾಳೆಯ ಮೇಲೆ ಒಂದೊಂದಾಗಿ ಇಟ್ಟು ತೆಗೆದ ಚಿತ್ರಗಳು. ಮದುವೆಗೆ ಹುಡುಗಿ ತೋರಿಸಲು ಸ್ಟುಡಿಯೋದಲ್ಲಿ ತೆಗೆಸುತ್ತಿದ್ದರಲ್ಲ, ಆ ಫೋಟೊಗಳ ಹಾಗೆ. ಬೆಳೆಗಳ ಪಟ್ಟಿಯಲ್ಲಿ ಸೇಬು ಇದೆ, ಬ್ಲೂಬೆರಿ ಇದೆ, ಚೆರ್ರಿ, ಪೀಚ್, ರಾಸ್‌ಬೆರಿ, ಸ್ಟ್ರಾಬೆರಿ ಎಲ್ಲ ಇವೆ. ರಾಗಿ ಇಲ್ಲ. ಶೇಂಗಾ ಇಲ್ಲ. ಚನ್ನಗಿರಿಯವರು ಬೇಸರ ಮಾಡಿಕೊಳ್ಳಬಾರದು, ಅಡಿಕೆಯೂ ಇಲ್ಲ. ನಮ್ಮ ಪುಣ್ಯಕ್ಕೆ ಮೆಕ್ಕೆಜೋಳ ಇದೆ. ಮೂರು ರೋಗ, ಒಂದು ಆರೋಗ್ಯ.

2016ರಲ್ಲಿ ಈ ಸಂಗ್ರಹವನ್ನು ಬಳಸಿ ಮೊದಲ ಪ್ರಮುಖ ಲೇಖನ ಬರೆದವರು ಶೇ 99.35 ನಿಖರತೆ ಸಾಧಿಸಿದರು. ಅವರು ಪ್ರಾಮಾಣಿಕರು. ಅದೇ ಲೇಖನದಲ್ಲಿ ಇನ್ನೊಂದು ಮಾತನ್ನೂ ಹೇಳಿದರು: ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ನಿಖರತೆ ಶೇ 31ರ ಆಸುಪಾಸಿಗೆ ಕುಸಿಯಿತು. ನಮ್ಮ ಸಂಶೋಧಕರು ಮೊದಲ ಅಂಕಿಯನ್ನು ಓದಿಕೊಂಡರು. ಅಲ್ಲಿಂದ ಮುಂದಿನದು ಹರಾಜು. ಒಬ್ಬರು 99.4 ಎಂದರು, ಇನ್ನೊಬ್ಬರು 99.51 ಎಂದರು, ಮತ್ತೊಬ್ಬರು ಧೈರ್ಯ ಮಾಡಿ 99.8 ಎಂದರು. ದಶಾಂಶದ ಬಲಕ್ಕೆ ಉಳಿದಿರುವ ಜಾಗದಲ್ಲಿ ಇನ್ನೂ ಎಷ್ಟು ಡಾಕ್ಟರುಗಳಿಗೆ ನಿವೇಶನ ಹಂಚಬಹುದೋ ಹೇಳುವುದು ಕಷ್ಟ.

2022ರಲ್ಲಿ ಯಾರೋ ಒಬ್ಬರಿಗೆ ಕುಚೋದ್ಯ ಹೊಳೆಯಿತು. ಎಲೆಯನ್ನೇ ನೋಡದೆ, ಚಿತ್ರದ ಹಿನ್ನೆಲೆಯ ಎಂಟೇ ಎಂಟು ಚುಕ್ಕಿಗಳನ್ನು ಯಂತ್ರಕ್ಕೆ ತೋರಿಸಿ ರೋಗ ಹೇಳು ಎಂದರು. ಅದು ಶೇ 49 ಸಲ ಸರಿಯಾಗಿ ಹೇಳಿತು. ಕುರುಡಾಗಿ ಊಹಿಸಿದ್ದರೆ ಶೇ 2.6 ಬರಬೇಕಿತ್ತು. ಅಂದರೆ ಯಂತ್ರ ಎಲೆಯನ್ನಷ್ಟೇ ಅಲ್ಲ, ಎಲೆಯ ಕೆಳಗಿದ್ದ ಹಾಳೆಯನ್ನೂ ಚೆನ್ನಾಗಿ ಅಭ್ಯಾಸ ಮಾಡಿತ್ತು. ಹಾಳೆ ನೋಡಿಯೇ ಅಂಕ ಹಾಕುವ ಕಲೆ ಮೌಲ್ಯಮಾಪನ ಕೇಂದ್ರಗಳಿಗಷ್ಟೇ ಸೀಮಿತವೆಂದು ನಾವು ತಿಳಿದಿದ್ದೆವು.

ಈ ಯಂತ್ರಗಳಿಗೆ ಇನ್ನೊಂದು ಗುಣವಿದೆ. 38 ಗುಂಪು ಕಲಿಸಿದರೆ ಏನೇ ತೋರಿಸಿದರೂ 38ರಲ್ಲೇ ಒಂದನ್ನು ಹೇಳುತ್ತದೆ. ಶೇಂಗಾ ಎಲೆ ತೋರಿಸಿ, ಎಕ್ಕದ ಎಲೆ ತೋರಿಸಿ, ನಿಮ್ಮ ಅಂಗೈಯನ್ನೇ ತೋರಿಸಿ. 'ಸ್ಟ್ರಾಬೆರಿ ಎಲೆಸುಡು, ಶೇ 97 ಖಚಿತ' ಎಂದು ಹೇಳಿ ಸುಮ್ಮನಾದೀತು. 'ನನಗೆ ಗೊತ್ತಿಲ್ಲ' ಎಂಬ 39ನೇ ಉತ್ತರವನ್ನು ಅದಕ್ಕೆ ಯಾರೂ ಕಲಿಸಿಲ್ಲ. ಕಲಿಸುವವರಿಗೂ ಯಾರೂ ಕಲಿಸಿರಲಿಲ್ಲ.

ಒಂದು ದಿನ ಮೇಷ್ಟ್ರ ದೊಡ್ಡಪ್ಪನೇ ಪರೀಕ್ಷಕನಾದ. ಹೊಲಕ್ಕೆ ಕರೆದುಕೊಂಡು ಹೋಗಿ ಮೊಳಕಾಲುದ್ದದ ಮೆಕ್ಕೆಜೋಳದ ಗಿಡದ ಸುಳಿ ಬಿಡಿಸಿ ತೋರಿಸಿದ. ಎಲೆ ಹರಿದು ಜಾಳಾಗಿತ್ತು, ಸುಳಿಯೊಳಗೆ ಗರಗಸದ ಪುಡಿಯಂಥ ಹಿಕ್ಕೆ ತುಂಬಿತ್ತು.

"ತಮ್ಮಾ, ಎಲೆ ನೋಡಿ ರೋಗ ಹೇಳೋ ಓದು ಓದ್ತಿದೀಯಂತೆ. ಇದಕ್ಕೇನ್ ಹೊಡೀಬೇಕು ಹೇಳು."

ಮೇಷ್ಟ್ರು ಫೋನ್ ಹಿಡಿದರು. ಫೋನು 'ತುಕ್ಕು ರೋಗ, ಶೇ 96' ಎಂದಿತು.

"ತುಕ್ಕಲ್ಲಪ್ಪಾ, ಹುಳ. ಇಲ್ನೋಡು, ಓಡಾಡ್ತಾ ಐತೆ."

"ದೊಡ್ಡಪ್ಪಾ, ಹುಳ ಇದರ ಡೇಟಾಸೆಟ್‌ನಾಗಿಲ್ಲ."

"ಹೊಲದಾಗೈತಲ್ಲೋ!"

ಹೊಲದಲ್ಲಿದ್ದದ್ದು ಫಾಲ್ ಸೈನಿಕ ಹುಳು. ಅಮೆರಿಕ ಖಂಡದ ಈ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಪತ್ತೆ ಮಾಡಿದವರು ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕೀಟ ವಿಜ್ಞಾನಿಗಳು. ಅವರು ಮಾಡಿದ್ದು ಬಹಳ ಹಳೇ ಕಾಲದ ಕೆಲಸ: ಹೊಲಕ್ಕೆ ಹೋದರು, ಹುಳ ಹಿಡಿದರು, ನೋಡಿದರು. ಪ್ಲಾಂಟ್‌ವಿಲೇಜ್ ಚಿತ್ರಗಳು ಅದಕ್ಕೂ ಹಿಂದಿನವು. ಹೀಗಾಗಿ ದಾವಣಗೆರೆ ಜಿಲ್ಲೆಯ ಮೆಕ್ಕೆಜೋಳವನ್ನು ತಿಂದು ತೇಗಿದ ಹುಳುವಿಗೆ, ದಾವಣಗೆರೆ ಜಿಲ್ಲೆಯ ಮೆಕ್ಕೆಜೋಳದ ಹೆಸರಲ್ಲಿ ಬರೆದ ಪ್ರಬಂಧದಲ್ಲಿ ಪ್ರವೇಶವಿಲ್ಲ. ದೊಡ್ಡಪ್ಪ ಬೈಕ್ ಹತ್ತಿ ಔಷಧಿ ಅಂಗಡಿಗೆ ಹೋದ. ಅಂಗಡಿಯವನು ಎಸ್ಸೆಸ್ಸೆಲ್ಸಿ ಫೇಲು. ಆದರೆ ಯಾವ ಡಬ್ಬ ಹೆಚ್ಚು ಸ್ಟಾಕಿದೆ ಎಂಬುದರಲ್ಲಿ ಅವನ ನಿಖರತೆ ಶೇ ನೂರು.

ಇತ್ತ ಪ್ರಬಂಧಕ್ಕೆ 'ನಾವೆಲ್' ಅಂಶ ಬೇಕಾಗಿತ್ತು. ಎಲೆಯ ಚಿತ್ರ ಯಾರೋ ತೆಗೆದದ್ದು, ಗುರುತಿಸುವ ಜಾಲ ಇನ್ಯಾರೋ ಕಟ್ಟಿದ್ದು. ಹೊಸತನವನ್ನು ಎಲ್ಲಿಂದ ತರುವುದು? ಕಾಡಿನಿಂದ. ಲೆಕ್ಕಕ್ಕೆ ಒಳ್ಳೆಯ ಉತ್ತರ ಹುಡುಕುವ ವಿಧಾನಗಳಿಗೆ ಪ್ರಾಣಿಗಳ ಹೆಸರಿಡುವ ಚಟ ಕಂಪ್ಯೂಟರ್ ಸೈನ್ಸಿಗೆ ಬಹುಕಾಲದಿಂದ ಅಂಟಿದೆ. 2009ರಲ್ಲಿ ಕೋಗಿಲೆ ಬಂತು, 2010ರಲ್ಲಿ ಬಾವಲಿ, 2014ರಲ್ಲಿ ಬೂದು ತೋಳ, 2016ರಲ್ಲಿ ತಿಮಿಂಗಿಲ, 2019ರಲ್ಲಿ ಗಿಡುಗ. ಇದಕ್ಕೆಲ್ಲ ಮೊದಲು ಇರುವೆ ಬಂದಿತ್ತು. ಇರುವೆಗಳು ದಾರಿ ಹುಡುಕುವ ಬಗೆಯಿಂದ ನಿಜಕ್ಕೂ ಹೊಸ ವಿಧಾನ ಕಟ್ಟಿದ್ದು ಮಾರ್ಕೊ ಡೊರಿಗೊ, 1992ರ ತಮ್ಮ ಪಿಎಚ್‌.ಡಿ. ಪ್ರಬಂಧದಲ್ಲಿ. ಅದೇ ಡೊರಿಗೊ ಮತ್ತು ಸಂಗಡಿಗರು 2022ರ ಹೊತ್ತಿಗೆ ತೋಳ, ತಿಮಿಂಗಿಲ, ಮಿಂಚುಹುಳು, ಬಾವಲಿಗಳ ಚರ್ಮ ಸುಲಿದು ನೋಡಿ, ಒಳಗಿರುವುದೆಲ್ಲ ಹಳೆಯ ಲೆಕ್ಕವೇ, ಹೊಸದು ಹೆಸರು ಮಾತ್ರ ಎಂದು ಬರೆದರು. ನಮ್ಮಲ್ಲಿ ಆ ಲೇಖನವನ್ನು ಓದಿ ಎದೆಗುಂದಿದವರು ಯಾರೂ ಇಲ್ಲ. ತೋಳವನ್ನೂ ತಿಮಿಂಗಿಲವನ್ನೂ ಒಂದೇ ದೊಡ್ಡಿಗೆ ಕೂಡಿ 'ಹೈಬ್ರಿಡ್' ಎಂದರಾಯಿತು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ವನ್ಯಧಾಮದಲ್ಲಿ ನಾಲ್ಕು ಕೊಂಬಿನ ಕೊಂಡುಕುರಿ ಇದೆ. ಅದಕ್ಕೆ ಇನ್ನೂ ಕರೆ ಬಂದ ಹಾಗಿಲ್ಲ. ಕೊಂಬಿಗೊಂದರಂತೆ ನಾಲ್ಕು ಪ್ಯಾರಾಮೀಟರ್ ಇಟ್ಟು 'ಕೊಂಡುಕುರಿ ಆಪ್ಟಿಮೈಜೇಷನ್' ಎಂದು ಯಾರಾದರೂ ಬರೆದರೆ ತಾಲ್ಲೂಕಿಗೆ ಕೀರ್ತಿ. ಸಂಕೋಚದ ಪ್ರಾಣಿ, ಆಕ್ಷೇಪಿಸಲಾರದು.

ಮುಂದೆ ಪೇಪರ್ ಪ್ರಕಟಣೆ. ಪ್ರಬಂಧ ಸಲ್ಲಿಸುವ ಮೊದಲು ಜರ್ನಲ್ ಲೇಖನ ಕಡ್ಡಾಯ ಎಂಬ ಷರತ್ತನ್ನು ಯುಜಿಸಿ 2022ರ ನಿಯಮಗಳಲ್ಲಿ ಕೈಬಿಟ್ಟಿತು. ಆದರೆ ಸ್ವರ್ಗದಲ್ಲಿ ರದ್ದಾದ ಕಾನೂನು ವಿಭಾಗದ ಕಚೇರಿ ತಲುಪಲು ಕಾಲ ಬೇಕು. 'ಎರಡು ಸ್ಕೋಪಸ್ ಪೇಪರ್ ಇಲ್ದೆ ಫೈಲ್ ಮುಂದಕ್ಕೆ ಹೋಗಲ್ಲ' ಎಂಬ ಮಾತು ಇವತ್ತಿಗೂ ಕೇಳಿಸುತ್ತದೆ. ಬೇಡಿಕೆ ಇದ್ದಲ್ಲಿ ಅಂಗಡಿ ಏಳುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಂದೇಶ ಬರುತ್ತದೆ: 'ಹದಿನೈದು ದಿನದಲ್ಲಿ ಪ್ರಕಟಣೆ, ಮೊದಲ ಲೇಖಕರ ಸ್ಥಾನ ಖಾಲಿ ಇದೆ, ಎರಡನೆಯದು ಭರ್ತಿಯಾಗಿದೆ.' ಬಸ್ ಸೀಟಿಗೆ ಟವೆಲ್ ಹಾಕಿದಂತೆ ಲೇಖಕರ ಸ್ಥಾನಕ್ಕೆ ಟವೆಲ್ ಬೀಳುತ್ತದೆ.

ಈ ಅಂಗಡಿಗಳ ಪರಿಶೀಲನೆ ಎಷ್ಟು ಕಟ್ಟುನಿಟ್ಟೆಂದರೆ, 2014ರಲ್ಲಿ ಆಸ್ಟ್ರೇಲಿಯಾದ ಕಂಪ್ಯೂಟರ್ ವಿಜ್ಞಾನಿಯೊಬ್ಬರು ಕಾಟ ತಾಳಲಾರದೆ ಒಂದು ಹಳೆಯ ತಮಾಷೆ ಲೇಖನವನ್ನು ಇಂಥ ಜರ್ನಲ್ಲೊಂದಕ್ಕೆ ಕಳಿಸಿದರು. ನಿಮ್ಮ ಮೇಲಿಂಗ್ ಲಿಸ್ಟಿನಿಂದ ನನ್ನ ಹೆಸರು ತೆಗೆಯಿರಿ ಎಂಬ ಒಂದೇ ಬೈಗುಳದ ವಾಕ್ಯ ಹತ್ತು ಪುಟ ತುಂಬ. ಚಿತ್ರದಲ್ಲೂ ಅದೇ, ನಕ್ಷೆಯಲ್ಲೂ ಅದೇ. 'ಅತ್ಯುತ್ತಮ' ಎಂಬ ಷರಾದೊಂದಿಗೆ ಲೇಖನ ಸ್ವೀಕೃತವಾಯಿತು, 150 ಡಾಲರ್ ಕಟ್ಟಿ ಎಂದು ಪತ್ರ ಬಂತು. ಹೆಸರನ್ನು ಮಾತ್ರ ಲಿಸ್ಟಿನಿಂದ ತೆಗೆಯಲಿಲ್ಲ. ಇದು ಬೀದಿಬದಿ ಅಂಗಡಿ ಎನ್ನಬೇಡಿ. ಮಾಲ್‌ಗಳಲ್ಲೂ ಅದೇ ಸರಕು. ವೈಲಿ ಎಂಬ ದೊಡ್ಡ ಪ್ರಕಾಶನ ಸಂಸ್ಥೆ ತನ್ನ ಹಿಂದವಿ ಜರ್ನಲ್‌ಗಳಿಂದ 2023ರ ಒಂದೇ ವರ್ಷದಲ್ಲಿ 8,000ಕ್ಕೂ ಹೆಚ್ಚು ಲೇಖನಗಳನ್ನು ಹಿಂದಕ್ಕೆ ಪಡೆಯಿತು. ಲೇಖನ ಹಿಂದಕ್ಕೆ ಹೋಯಿತು. ಅದನ್ನು ತೋರಿಸಿ ಪಡೆದ ಬಡ್ತಿ ಹಿಂದಕ್ಕೆ ಹೋದ ಸುದ್ದಿ ಅಪರೂಪ.

ಕೃತಿಚೌರ್ಯ ತಡೆಯಲು 2018ರ ಯುಜಿಸಿ ನಿಯಮವಿದೆ. ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ, 10ರಿಂದ 40 ಇದ್ದರೆ ತಿದ್ದಿ ತರಬೇಕು, 60 ದಾಟಿದರೆ ನೋಂದಣಿಯೇ ರದ್ದು. ನಮ್ಮವರು ಇದನ್ನು ಓದಿಕೊಂಡ ರೀತಿಯೇ ಬೇರೆ: ಶೇ 10 ಕದಿಯುವುದು ಹಕ್ಕು, ಉಳಿದದ್ದರ ವೇಷ ಬದಲಿಸಬೇಕು. ವೇಷ ಬದಲಿಸಲು ಸಾಫ್ಟ್‌ವೇರ್ ಇದೆ, ವಾಕ್ಯ ಹಾಕಿದರೆ ಪರ್ಯಾಯ ಪದ ತುಂಬಿ ಕೊಡುತ್ತದೆ. ಹೀಗಾಗಿ 'ಆರ್ಟಿಫಿಶಿಯಲ್ ಇಂಟೆಲಿಜೆನ್ಸ್' ಹೋಗಿ 'ಕೌಂಟರ್‌ಫೀಟ್ ಕಾನ್ಶಸ್‌ನೆಸ್' ಆಯಿತು, 'ಬಿಗ್ ಡೇಟಾ' ಹೋಗಿ 'ಕೊಲೋಸಲ್ ಇನ್ಫರ್ಮೇಷನ್' ಆಯಿತು. 2021ರಲ್ಲಿ ಸಂಶೋಧಕ ಗಿಯೋಮ್ ಕಬನಾಕ್ ಮತ್ತಿತರರು ಇಂಥ ಚಿತ್ರಹಿಂಸೆಗೊಳಗಾದ ಪದಗಳನ್ನು ಹಿಡಿದೇ ನೂರಾರು ಲೇಖನಗಳ ಜಾಡು ಹಿಡಿದರು. ಖೋಟಾ ಪ್ರಜ್ಞೆ ಎಂಬ ಬಿರುದು ಯಂತ್ರಕ್ಕೆ ಸಲ್ಲಬೇಕೋ ಲೇಖಕರಿಗೋ ಎಂಬುದನ್ನು ಅವರು ಓದುಗರಿಗೆ ಬಿಟ್ಟರು.

ಇಷ್ಟೆಲ್ಲ ತಾಪತ್ರಯ ಬೇಡವೆನ್ನುವವರಿಗೆ ಅಡ್ಡದಾರಿಗಳಿವೆ. ಮೇಘಾಲಯದ ಸಿಎಂಜೆ ವಿಶ್ವವಿದ್ಯಾಲಯ 2012–13ರಲ್ಲಿ 434 ಪಿಎಚ್‌.ಡಿ.ಗಳನ್ನು ಹಂಚಿ, ಅಲ್ಲಿನ ರಾಜ್ಯಪಾಲರಿಂದ ವಿಸರ್ಜನೆಯ ಶಿಫಾರಸು ಗಳಿಸಿತು. ಚಿರಾಪುಂಜಿಯಲ್ಲಿ ಮಳೆಯಷ್ಟೇ ಜೋರು ಎಂದುಕೊಂಡಿದ್ದೆವು. 2025ರ ಜನವರಿಯಲ್ಲಿ ರಾಜಸ್ಥಾನದ ಮೂರು ಖಾಸಗಿ ವಿಶ್ವವಿದ್ಯಾಲಯಗಳು ಐದು ವರ್ಷ ಪಿಎಚ್‌.ಡಿ.ಗೆ ಯಾರನ್ನೂ ಸೇರಿಸಿಕೊಳ್ಳಬಾರದೆಂದು ಯುಜಿಸಿ ಆದೇಶಿಸಿತು. ಅಷ್ಟು ದೂರ ಹೋಗಲಾರದವರಿಗೆ ಗೌರವ ಡಾಕ್ಟರೇಟ್ ಉಂಟು. 2020ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ಹೋಟೆಲೊಂದರಲ್ಲಿ ಅಂಥ ನಕಲಿ ಡಾಕ್ಟರೇಟ್ ಹಂಚುವ ಸಮಾರಂಭಕ್ಕೆ ಪೊಲೀಸರು ನುಗ್ಗಿದ್ದರು. ಇದರ ಮುಂದೆ ಆರು ವರ್ಷ ಬಸ್ಸಿನಲ್ಲಿ ಓಡಾಡಿ ಎಲೆ ಎಣಿಸಿದ ನಮ್ಮ ಮೇಷ್ಟ್ರು ಋಷಿಸಮಾನರು.

ಅಂತೂ ವೈವಾ ದಿನ ಬಂತು. ಬಾಹ್ಯ ಪರೀಕ್ಷಕರನ್ನು ರೈಲ್ವೆ ಸ್ಟೇಷನ್ನಿನಿಂದ ಕರೆತರಲು ಕಾರು, ಬೆಳಿಗ್ಗೆ ಬೆಣ್ಣೆ ದೋಸೆ, ಶಾಲು, ಹಾರ, ಹಣ್ಣಿನ ಬುಟ್ಟಿ. ಮೇಷ್ಟ್ರು ಎಲ್ಲವನ್ನೂ ಎರಡೆರಡು ಸಲ ಎಣಿಸಿದರು. ಸ್ಲೈಡುಗಳನ್ನು ಎಣಿಸಲು ಮರೆತದ್ದು ಯಾರ ಗಮನಕ್ಕೂ ಬರಲಿಲ್ಲ. ಪರೀಕ್ಷಕರು ಎರಡು ಪ್ರಶ್ನೆ ಕೇಳಿದರು. ಒಂದು, ಸ್ಲೈಡಿನ ಅಕ್ಷರ ಯಾಕಿಷ್ಟು ಚಿಕ್ಕದು. ಎರಡು, ಫ್ಯೂಚರ್ ವರ್ಕ್ ಏನು. "ರೈತರಿಗೆ ಮೊಬೈಲ್ ಆ್ಯಪ್ ಸಾರ್" ಎಂದು ಮೇಷ್ಟ್ರು ಕಂಠಪಾಠ ಒಪ್ಪಿಸಿದರು. ಪರೀಕ್ಷಕರಿಗೆ ಸಂತೋಷವಾಯಿತು. ಹದಿನೈದು ವರ್ಷದ ಹಿಂದೆ ಅವರೂ ಅದನ್ನೇ ಹೇಳಿದ್ದರು.

ಮರುದಿನ ಜಗಳೂರಿನ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಎದ್ದಿತು. ಕಪ್ಪು ಗೌನು, ಕೈ ಮುಗಿದ ಭಂಗಿ, ಸುತ್ತ ಇಪ್ಪತ್ತು ಶುಭಕೋರುವ ಮುಖಗಳು. ದೊಡ್ಡಪ್ಪನ ಮುಖವೂ ಅದರಲ್ಲಿತ್ತು, ಹುಳುವಿನದು ಮಾತ್ರ ಇರಲಿಲ್ಲ. ಜೂನ್ ಬಂತು. ಡಾಕ್ಟರ್ ಮೇಷ್ಟ್ರು ಮತ್ತೆ ಅತಿಥಿ ಉಪನ್ಯಾಸಕರ ಆನ್‌ಲೈನ್ ಅರ್ಜಿ ತುಂಬಿದರು. ವ್ಯತ್ಯಾಸ ಇಷ್ಟೇ, ಈಗ ಹೆಸರಿನ ಹಿಂದೆ ಎರಡಕ್ಷರ ಹೆಚ್ಚು.

ಇದಕ್ಕೆ ಆ ಮೇಷ್ಟ್ರನ್ನು ದೂರುವುದು ಸುಲಭ, ಅನ್ಯಾಯವೂ ಹೌದು. ಬೋರ್‌ವೆಲ್ ಲೆಕ್ಕ ಹಿಡಿದು ಬಂದದ್ದು ಅವನೇ. ಅವನ ತಲೆಯಲ್ಲಿದ್ದ ಒಂದೇ ಒಂದು ಒಳ್ಳೆಯ ಪ್ರಶ್ನೆಯನ್ನು ಕಿತ್ತುಕೊಂಡು ಕೈಗೆ ಅಮೆರಿಕದ ಎಲೆ ಕೊಟ್ಟವರು ನಾವು. ಪೇಪರ್ ಎಷ್ಟು, ಹೋಲಿಕೆ ಶೇಕಡಾ ಎಷ್ಟು, ನಿಖರತೆ ದಶಾಂಶ ಎಷ್ಟು ಎಂದು ಎಣಿಸುವ ವ್ಯವಸ್ಥೆ ಎಣಿಕೆಗೆ ಸಿಗುವುದನ್ನೇ ಬೆಳೆಯುತ್ತದೆ. ದಾವಣಗೆರೆ ವಿಶ್ವವಿದ್ಯಾಲಯ ತಲೆಯೆತ್ತಿದ್ದು 2009ರಲ್ಲಿ, ಸುತ್ತಲಿನ ತಾಲ್ಲೂಕುಗಳ ಮಕ್ಕಳಿಗೆ ಉನ್ನತ ಶಿಕ್ಷಣ ಹತ್ತಿರವಾಗಲಿ ಎಂದು. ಹತ್ತಿರವಾಯಿತು. ಆ ಶಿಕ್ಷಣಕ್ಕೂ ಈ ತಾಲ್ಲೂಕುಗಳು ಹತ್ತಿರವಾಗಬೇಡವೇ?

ಆಗದ ಕೆಲಸವೇನಲ್ಲ. ಉಗಾಂಡಾ ನಮಗಿಂತ ಬಡ ದೇಶ. ಅಲ್ಲಿನ ಮಕೆರೆರೆ ವಿಶ್ವವಿದ್ಯಾಲಯದವರು ತಮ್ಮ ರೈತರು ಬೆಳೆಯುವ ಮರಗೆಣಸಿನ ಮೇಲೆ ಕೆಲಸ ಮಾಡಬೇಕೆಂದಾಗ ಯಾರ ಎಲೆಯನ್ನೂ ಇಳಿಸಿಕೊಳ್ಳಲಿಲ್ಲ. ಬಹುಪಾಲು ಚಿತ್ರಗಳನ್ನು ರೈತರೇ ತಮ್ಮ ಹೊಲಗಳಲ್ಲಿ ತೆಗೆದರು, ಬೆಳೆ ಸಂಶೋಧನಾ ಸಂಸ್ಥೆಯ ತಜ್ಞರು ಕೂತು ಒಂದೊಂದಕ್ಕೂ ರೋಗದ ಹೆಸರು ಬರೆದರು. 21,367 ಚಿತ್ರಗಳು. 2020ರಲ್ಲಿ ಆ ಸಂಗ್ರಹ ಕ್ಯಾಗಲ್‌ಗೆ ಬಂತು. ಈಗ ನಮ್ಮವರು ಅದನ್ನೂ ಇಳಿಸಿಕೊಳ್ಳುತ್ತಿದ್ದಾರೆ. ನಮ್ಮಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 'ವಾಣಿ' ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನರ ಮಾತನ್ನು ಇದ್ದ ಹಾಗೆ ಧ್ವನಿಮುದ್ರಿಸುತ್ತಿದ್ದಾರೆ. ಕಂಪ್ಯೂಟರ್ ಸೈನ್ಸ್ ಮಾಡುವವರಿಗೂ ಕಾಲು ಇರುತ್ತದೆ, ಅದರಿಂದ ನಡೆಯಬಹುದು ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಜಗಳೂರಿನಲ್ಲಿ ಕೆಲಸಕ್ಕೆ ಬರವಿಲ್ಲ. ತುಂಗಭದ್ರೆಯ ನೀರೆತ್ತಿ ಕೆರೆ ತುಂಬಿಸುವ ಯೋಜನೆ ಇದೆ. ಯಾವ ಕೆರೆಗೆ ಯಾವಾಗ ಎಷ್ಟು ನೀರು ಬಂತು, ಎಷ್ಟು ಇಂಗಿತು, ಸುತ್ತಲ ಬೋರ್‌ವೆಲ್‌ಗಳಲ್ಲಿ ಎಷ್ಟು ಏರಿತು ಎಂದು ಒಬ್ಬ ವಿದ್ಯಾರ್ಥಿ ಐದು ವರ್ಷ ಬರೆದಿಟ್ಟರೆ ಅದೊಂದೇ ಡಾಕ್ಟರೇಟಿಗೆ ಸಾಕು. ಒಂದೇ ಒಂದು ಹೋಬಳಿಯ ಮೆಕ್ಕೆಜೋಳವನ್ನು ಬಿತ್ತನೆಯಿಂದ ಕೊಯ್ಲಿನವರೆಗೆ, ಧೂಳು, ಹುಳು, ನೆರಳು ಸಮೇತ ಚಿತ್ರ ತೆಗೆದು, ಶೇ 70 ನಿಖರತೆ ಬಂದರೂ ಪರವಾಗಿಲ್ಲ, 'ಇದು ನನಗೆ ಗೊತ್ತಿಲ್ಲ' ಎನ್ನಲು ಕಲಿತ ಯಂತ್ರ ಮಾಡಿದರೆ ದೊಡ್ಡಪ್ಪ ಅದನ್ನು ನಂಬಬಹುದು. ಗೊತ್ತಿಲ್ಲ ಎಂದು ಹೇಳುವವರನ್ನೇ ಹಳ್ಳಿಯವರು ನಂಬುವುದು.

ಆದ್ದರಿಂದ ವಿಶ್ವವಿದ್ಯಾಲಯಗಳಿಗೆ ಒಂದು ಸಲಹೆ: ಬೆಳೆಯ ಮೇಲಿನ ಪ್ರಬಂಧದ ವೈವಾವನ್ನು ಹೊಲದ ಬದುವಿನ ಮೇಲೆ ಮಾಡಿ, ಪರೀಕ್ಷಕರಲ್ಲಿ ಒಬ್ಬರು ಆ ಬೆಳೆ ಬೆಳೆದವರಾಗಿರಲಿ, ಪ್ರಶ್ನೋತ್ತರ ಕನ್ನಡದಲ್ಲಿರಲಿ. ಬೆಣ್ಣೆ ದೋಸೆ ಇದ್ದೇ ಇರಲಿ, ಅದರ ಮೇಲೆ ನಮ್ಮ ತಕರಾರಿಲ್ಲ. ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ರೈತರಿಗೆ ಇನ್ನೊಂದು: ಮುಂದಿನ ಸಲ ಯಾರಾದರೂ ಸಂಶೋಧಕರು ಫೋನ್ ಹಿಡಿದು ಹೊಲಕ್ಕೆ ಬಂದರೆ ಓಡಿಸಬೇಡಿ, ಬಂದದ್ದೇ ದೊಡ್ಡದು. ಕೂರಿಸಿ, ಮಜ್ಜಿಗೆ ಕೊಡಿ, ಕೇಳಿದಷ್ಟು ಎಲೆ ಕೊಡಿ. ಉತ್ತರ ಯಾವತ್ತು ತರುತ್ತೀರಿ ಎಂದು ಕೇಳಿ ದಿನಾಂಕ ಬರೆಸಿಕೊಳ್ಳಿ. ಸಹಿ ಹಾಕಿಸುವುದನ್ನು ಮರೆಯಬೇಡಿ.